ಬೋರಿನ ನೀರು ಕಪ್ಪಾದ ಮಳೆಗಾಲ

ಹೋದ ತಿಂಗಳು ಗೆಳತಿಯೊಬ್ಬಳ ಹೊಸ ಫ್ಲ್ಯಾಟಿಗೆ ಊಟಕ್ಕೆ ಹೋಗಿದ್ದೆ. ಪುಣೆಯ ಹೊರ ಅಂಚಿನಲ್ಲಿ ಹನ್ನೊಂದು ಮಹಡಿಯ ನಾಲ್ಕು ಕಟ್ಟಡಗಳು, ನಡುವೆ ಹುಲ್ಲುಹಾಸು, ಮಕ್ಕಳ ಜಾರುಬಂಡಿ. ಕೆಳಗೆ ಸ್ಕೂಟರ್ ನಿಲ್ಲಿಸುವಾಗ ಇಬ್ಬರು ಕೆಲಸಗಾರರು ನೆಲದಡಿಯ ನೀರಿನ ಟಾಕಿ ತೊಳೆಯುತ್ತಿದ್ದರು. ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಹತ್ತಿತು. ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಈ ಜಾಗಕ್ಕೆ ನಾನು ಮೊದಲು ಬಂದಿದ್ದೆ. ಆಗ ಇಲ್ಲಿ ಕಟ್ಟಡವಿರಲಿಲ್ಲ, ಅಡಿಪಾಯದ ಗುಂಡಿಗಳಿದ್ದವು. ಜಾರುಬಂಡಿ ಇರುವ ಕಡೆ ತಗಡಿನ ಶೆಡ್ಡುಗಳ ಸಾಲಿತ್ತು. ಗೆಳತಿ ಬಾಲ್ಕನಿಯಿಂದ ಕೂಗಿದಳು, "ಯಾಕೇ, ದಾರಿ ತಪ್ಪಿತಾ?" ಇಲ್ಲ ಎಂದು ಕೈ ಆಡಿಸಿದೆ. ಊಟದ ಮನೆಯಲ್ಲಿ ಹೇಳುವ ಮಾತಲ್ಲ ಎಂದು ಅವಳಿಗೆ ಏನನ್ನೂ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಕೊರೊನಾ ಹಿಂದೆ ಸರಿದ ಮೇಲಿನ ವರ್ಷಗಳವು. ನಾನು ಶಿವಾಜಿನಗರದ ಹತ್ತಿರದ ಒಂದು ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸುವ ಕೆಲಸದಲ್ಲಿದ್ದೆ. ನೀರು ಎಂದರೆ ಕುಡಿಯುವ ನೀರಲ್ಲ, ಊರಿನ ಕೊಳಚೆ. ಒಬ್ಬ ಮನುಷ್ಯನಿಗೆ ಜ್ವರ ಬಂದು, ಎರಡು ದಿನ ಮನೆಮದ್ದು ಮಾಡಿ, ಆಮೇಲೆ ಅವನು ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ರೋಗಾಣು ಅವನ ಹೊಟ್ಟೆಯಿಂದ ಹೊರಬಿದ್ದು ಚರಂಡಿ ಸೇರಿರುತ್ತದೆ. ಹಾಗಾಗಿ ಆಸ್ಪತ್ರೆಗಿಂತ ಮೊದಲು ಚರಂಡಿಗೆ ಸುದ್ದಿ ತಿಳಿದಿರುತ್ತದೆ. ವಾರಕ್ಕೊಮ್ಮೆ ಊರಿನ ನಾಲಾಗಳಿಂದ ಬಾಟಲಿಗಳಲ್ಲಿ ನೀರು ತುಂಬಿ ತರುವುದು, ಸೋಸುವುದು, ಅದರಲ್ಲಿ ಯಾವ ವೈರಸ್ಸು ಎಷ್ಟಿದೆ ಎಂದು ಯಂತ್ರದಲ್ಲಿ ನೋಡುವುದು, ಇಷ್ಟೇ ನನ್ನ ಕೆಲಸ. ನನ್ನ ತವರು ಧಾರವಾಡ. "ಎಮ್ಮೆಸ್ಸಿ ಓದಿಸಿದ್ದು ಗಟಾರ ಬಳೀಲಿಕ್ಕೇನು?" ಎಂದು ಅಮ್ಮ ಫೋನಿನಲ್ಲಿ ಪ್ರತಿ ಸಲ ಕೇಳುತ್ತಿದ್ದಳು.

ಈ ಕಟ್ಟಡಗಳ ಹಿಂದೆ ಹರಿಯುವ ನಾಲಾ ನನ್ನ ಪಾಲಿಗೆ ಬಂದಿದ್ದ ಜಾಗಗಳಲ್ಲಿ ಕೊನೆಯದು. ಜೂನ್ ತಿಂಗಳ ಒಂದು ಬೆಳಿಗ್ಗೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಕೈಗವಸು ಹಾಕಿಕೊಂಡು ದಂಡೆಯಿಂದ ಬಾಟಲಿ ಇಳಿಬಿಡುತ್ತಿದ್ದಾಗ ಹಿಂದಿನಿಂದ ಕನ್ನಡ ಕೇಳಿಸಿತು.

"ನೋಡಲ್ಲಿ, ಹೊಲಸ ನೀರ ತುಂಬ್ಕೋಳ್ಳಾಕತ್ಯಾಳ. ಹುಚ್ಚಿ ಇರಬೇಕ ಪಾಪ."

ತಿರುಗಿ ನೋಡಿದೆ. ತಲೆಯ ಮೇಲೆ ಸಿಂಬಿ, ಕೈಯಲ್ಲಿ ಖಾಲಿ ಬುಟ್ಟಿ ಹಿಡಿದ ಐವತ್ತರ ಆಸುಪಾಸಿನ ಹೆಂಗಸು. ಪಕ್ಕದಲ್ಲಿ ಬಸುರಿ ಹುಡುಗಿ.

"ಹುಚ್ಚಿ ಅಲ್ರೀ, ಇದ ನನ್ನ ನೌಕರಿ," ಎಂದೆ.

ಆ ಹೆಂಗಸು ನಾಲಿಗೆ ಕಚ್ಚಿಕೊಂಡಳು. ಆಮೇಲೆ ಮೂವರೂ ನಕ್ಕೆವು. ಆಕೆಯ ಹೆಸರು ಶರಣಮ್ಮ, ಯಾದಗಿರಿ ಕಡೆಯವಳು. ಬಸುರಿ ಅವಳ ಮಗಳು ಭಾಗಮ್ಮ. ತಾಯಿ, ಮಗಳು, ಅಳಿಯ ಮೂವರೂ ಅಲ್ಲೇ ಗೌಂಡಿಗಳ ಕೈಕೆಳಗೆ ದುಡಿಯುತ್ತಿದ್ದರು. ಎರಡು ಶೆಡ್ಡು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದರಲ್ಲಿ ತಾಯಿ, ಇನ್ನೊಂದರಲ್ಲಿ ಮಗಳು ಅಳಿಯ. "ನನ್ನ ಮಗಳಿಗಿ ತವರಮನಿ, ಗಂಡನ ಮನಿ ಎರಡರ ನಡುವ ಒಂದ ತಗಡ ಅದ ನೋಡ್ರಿ," ಎನ್ನುತ್ತಿದ್ದಳು ಶರಣಮ್ಮ.

ಅಲ್ಲಿಂದ ಮುಂದೆ ಪ್ರತಿ ಬುಧವಾರ ಅವರ ಶೆಡ್ಡಿನಲ್ಲಿ ನನಗೊಂದು ಬಟ್ಟಲು ಚಹಾ ಕಾಯುತ್ತಿತ್ತು. ದಿನವಿಡೀ ಮರಾಠಿಯಲ್ಲೇ ಮಾತಾಡುತ್ತಿದ್ದ ನನಗೆ ಆ ಅರ್ಧ ಗಂಟೆ ಊರಿಗೆ ಹೋಗಿ ಬಂದ ಹಾಗಾಗುತ್ತಿತ್ತು. ಭಾಗಮ್ಮ ಹೆಚ್ಚು ಮಾತಾಡುವವಳಲ್ಲ. ನನ್ನ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ಕೈಯಿಟ್ಟು, ತಣ್ಣಗಾದ ಬೆರಳುಗಳನ್ನು ಕೆನ್ನೆಗೆ ಒತ್ತಿಕೊಂಡು ಖುಷಿಪಡುತ್ತಿದ್ದಳು. ಕೊಳಚೆ ಬಾಟಲಿ ಇದ್ದ ಪೆಟ್ಟಿಗೆಯೆಂದು ಬೈದು, ಮುಂದಿನ ವಾರದಿಂದ ಅವಳಿಗಾಗಿಯೇ ಬೇರೆ ಚೀಲದಲ್ಲಿ ಒಂದಿಷ್ಟು ಐಸು ತರತೊಡಗಿದೆ.

ಜುಲೈ ಮೊದಲ ವಾರ ಇರಬೇಕು. ಆಕಾಶ ಕಪ್ಪಿಟ್ಟು ಇನ್ನೇನು ಸುರಿಯುವಂತಿತ್ತು, ನಾನು ಹೊರಡುವ ಅವಸರದಲ್ಲಿದ್ದೆ. ಶರಣಮ್ಮ ಸ್ಟೀಲಿನ ಚೊಂಬಿನಲ್ಲಿ ನೀರು ತಂದು ನನ್ನ ಮುಂದೆ ಹಿಡಿದಳು. ಶೆಡ್ಡಿನವರು ಟ್ಯಾಂಕರಿನ ನೀರಿನ ಜೊತೆಗೆ ಕುಡಿಯುತ್ತಿದ್ದ ಬೋರಿನ ನೀರು.

"ಅಕ್ಕಾರ, ನೀವು ನೀರ ನೋಡೋರು. ನಮ್ಮ ಬೋರಿನ ನೀರ ಹೆಂಗ ಅದ ಹೇಳ್ರಿ. ಹುಡುಗಿ ಬಸರಿ ಅದಾಳ, ಅದಕ್ಕ ಕೇಳಾಕತ್ತೀನಿ."

ಚೊಂಬನ್ನು ಬೆಳಕಿಗೆ ಹಿಡಿದೆ. ತಳ ಸ್ಪಷ್ಟವಾಗಿ ಕಾಣುತ್ತಿತ್ತು. "ಚೊಲೋ ಅದ ಬಿಡ್ರಿ, ಎಷ್ಟ ತಿಳಿ ಅದ," ಎಂದೆ. ಸ್ಕೂಟರ್ ಹತ್ತಿದೆ.

ಕಣ್ಣಿಗೆ ಕಾಣದ್ದನ್ನು ಹುಡುಕುವುದೇ ಕಸುಬಾದವಳು ನಾನು. ಪರೀಕ್ಷೆ ಮಾಡದೆ ಯಾವ ನೀರನ್ನೂ ಚೊಲೋ ಎನ್ನಬಾರದೆಂದು ಹೊಸಬರಿಗೆ ಪಾಠ ಹೇಳುತ್ತಿದ್ದವಳು. ಆದರೂ ಆಡಿಬಿಟ್ಟೆ. ಕೇಳಿದವರಿಗೆ ಸಮಾಧಾನವಾಗಲಿ ಎಂಬ ಸೌಜನ್ಯ, ಮಳೆಯ ಅವಸರ, ಅಷ್ಟೇ. ಶೆಡ್ಡುಗಳ ಹಿಂದೆ, ಬೋರಿನಿಂದ ಹತ್ತು ಹೆಜ್ಜೆಯೂ ದೂರವಿಲ್ಲದ ಕಡೆ, ಪೈಖಾನೆಯ ಗುಂಡಿ ತೋಡಿದ್ದನ್ನು ನಾನು ನೋಡಿರಲಿಲ್ಲ. ಎದ್ದು ಹಿಂದೆ ಹೋಗಿದ್ದರೆ ಕಾಣುತ್ತಿತ್ತು.

ಆಮೇಲೆ ಮಳೆ ಹಿಡಿಯಿತು. ಆ ವರ್ಷದ ಜುಲೈನಲ್ಲಿ ವಾರಗಟ್ಟಲೆ ಬಿಸಿಲು ಕಾಣಲಿಲ್ಲ. ನಾಲಾ ದಂಡೆಯವರೆಗೆ ಏರಿತು. ಅಡಿಪಾಯದ ಗುಂಡಿಗಳು ಕೆರೆಗಳಾದವು, ಕೆಲಸ ನಿಂತು ನಿಂತು ನಡೆಯಿತು. ಶೆಡ್ಡಿನ ಹೆಂಗಸರು ಒದ್ದೆ ಕಟ್ಟಿಗೆ ಊದುತ್ತ ಕಣ್ಣು ಕೆಂಪಾಗಿಸಿಕೊಳ್ಳುತ್ತಿದ್ದರು. ಅಂಥದ್ದರಲ್ಲಿ ನೀರು ಕಾಯಿಸಿ ಕುಡಿಯಿರಿ ಎಂದು ಯಾರು ಹೇಳಿದ್ದರೂ ಕೇಳುತ್ತಿರಲಿಲ್ಲ. ನಾನಂತೂ ಹೇಳಲೇ ಇಲ್ಲ.

ಆಗಸ್ಟ್ ಮೊದಲಿಗೆ ಆ ನಾಲಾದ ಮಾದರಿಯಲ್ಲಿ ಕಾಮಾಲೆ ತರುವ ವೈರಸ್ಸು ಕಾಣಿಸಿತು. ಸ್ವಲ್ಪವೇ ಇದ್ದರೆ ಯಂತ್ರದ ಪರದೆಯ ಮೇಲಿನ ಗೆರೆ ತಡವಾಗಿ ಮೇಲೇಳುತ್ತದೆ, ಹೆಚ್ಚಿದ್ದರೆ ಬೇಗ ಏಳುತ್ತದೆ. ಅಂದು ಬೇಗ ಎದ್ದಿತು. ಮತ್ತೆ ಮಾಡಿ ನೋಡಿದೆ, ಆಗಲೂ ಅಷ್ಟೇ ಬೇಗ. ನೀರಿನಿಂದ ಹರಡುವ ಈ ಕಾಮಾಲೆ ಗಟ್ಟಿಮುಟ್ಟಾದವರನ್ನು ಕೆಲವು ವಾರ ಮಲಗಿಸಿ ಬಿಡುತ್ತದೆ. ತುಂಬು ಬಸುರಿಯರನ್ನು ಮಾತ್ರ ಹಾಗೆ ಬಿಡುವುದಿಲ್ಲ, ಪ್ರಾಣವನ್ನೇ ತೆಗೆಯಬಹುದು.

ನಮ್ಮ ವಿಭಾಗದ ಹಿರಿಯರು ಮೇಧಾತಾಯಿ. ಕನ್ನಡಕ ಹಣೆಗೇರಿಸಿ ಪರದೆ ನೋಡಿದವರು ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು. "ತಿಥಲೀ ಮಾಣಸಂ ಕುಠಲಂ ಪಾಣೀ ಪಿತಾತ?" ಅಲ್ಲಿಯ ಜನ ಎಲ್ಲಿಯ ನೀರು ಕುಡಿಯುತ್ತಾರೆ?

ಚೊಂಬು ಹಿಡಿದು ನಿಂತಿದ್ದ ಶರಣಮ್ಮ ನೆನಪಾದಳು.

ಅಂದೇ ಹೋಗಿ ಬೋರಿನ ನೀರು ತಂದೆ. ವೈರಸ್ಸಿನ ಪರೀಕ್ಷೆಗೆ ಎರಡು ಮೂರು ದಿನ ಬೇಕು. ಅದಕ್ಕಿಂತ ಮೊದಲು ಮಲ ಬೆರೆತಿದೆಯೇ ಎಂದು ನೋಡುವ ಸುಲಭದ ಬಾಟಲಿ ಒಂದಿದೆ. ಒಳಗೆ ಔಷಧಿಯ ಕಾಗದ ಇರುತ್ತದೆ, ನೀರು ತುಂಬಿ ಬೆಚ್ಚಗೆ ಇಡಬೇಕು. ನೀರು ಕೆಟ್ಟಿದ್ದರೆ ಕಪ್ಪಾಗುತ್ತದೆ. ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ ಬಾಟಲಿ ಮಸಿಯ ಹಾಗೆ ಕಪ್ಪಾಗಿತ್ತು.

ಮೇಧಾತಾಯಿ ಆಗಲೇ ಆರೋಗ್ಯ ಇಲಾಖೆಗೆ ಪತ್ರ ಬರೆದರು, ಫೋನೂ ಮಾಡಿದರು. ಆಮೇಲೆ ನನಗೆ ಹೇಳಿದರು, ಕಾಗದ ತನ್ನ ದಾರಿಯಲ್ಲಿ ಹೋಗಲಿ, ನಿನಗೆ ಅವರ ಭಾಷೆ ಬರುತ್ತದೆ, ನೀನು ಹೋಗು.

ನಾನು ಹೋದಾಗ ಭಾಗಮ್ಮ ಮೂಲೆಯಲ್ಲಿ ಮಲಗಿದ್ದಳು. ಮೂರು ದಿನದಿಂದ ಅನ್ನ ಸೇರುತ್ತಿಲ್ಲ, ಒಗ್ಗರಣೆಯ ವಾಸನೆಗೇ ವಾಂತಿ. "ಬಸರಿ ಅಲ್ಲೇನ್ರಿ, ಹಂಗ ಆಗ್ತದ," ಎಂದಳು ಶರಣಮ್ಮ. ನಾನು ಹುಡುಗಿಯನ್ನು ಬಾಗಿಲ ಬೆಳಕಿಗೆ ಕರೆದು, ಕೆಳಗಿನ ರೆಪ್ಪೆ ಎಳೆದು ನೋಡಿದೆ. ಅರಿಶಿನ ಕಲೆಸಿದ ಹಾಗಿತ್ತು ಕಣ್ಣು. ಆಗ ಅವಳಿಗೆ ಏಳು ತಿಂಗಳು ತುಂಬಿತ್ತು.

"ದವಾಖಾನಿಗೆ ಹೊಂಡ್ರಿ, ಈಗಿಂದೀಗ. ಕಾಮಾಲಿ ಆಗೇದ. ನೀರಿನಿಂದ ಬಂದದ್ದು."

"ಯಾವ ನೀರಿನಿಂದ?" ಶರಣಮ್ಮನ ಮುಖದಲ್ಲಿ ನಿಜವಾಗಿಯೂ ಗೊಂದಲವಿತ್ತು. "ನಮ್ಮ ನೀರ ಚೊಲೋ ಅದಲ್ರಿ. ನೀವೇ ಹೇಳೀರಲ್ಲ? ನಾ ಎಲ್ಲಾರಿಗೂ ಹೇಳೀನಿ, ನೀರ ನೋಡೋ ಅಕ್ಕಾರೇ ಚೊಲೋ ಅಂದಾರ ಅಂತ. ಟ್ಯಾಂಕರಿನ ನೀರ ಔಷಧ ವಾಸನಿ ಬರ್ತದ, ಅದು ಬ್ಯಾಡ ಅಂತ ಬಿಡಿಸಿದಾಕಿ ನಾನೇ."

ಆ ಕ್ಷಣದಲ್ಲಿ ನುಣುಚಿಕೊಳ್ಳಲು ದಾರಿಗಳಿದ್ದವು. ಆಗ ಚೆನ್ನಾಗಿತ್ತು, ಮಳೆಗೆ ಕೆಟ್ಟಿತು ಎನ್ನಬಹುದಿತ್ತು. ಅದು ಅರ್ಧ ನಿಜವೂ ಆಗಿರಬಹುದು. ಆದರೆ ಹುಡುಗಿ ಆ ಹಳದಿ ಕಣ್ಣುಗಳಿಂದ ನನ್ನನ್ನೇ ನೋಡುತ್ತಿದ್ದಳು.

"ಶರಣಮ್ಮಾರ, ಅವತ್ತ ನಾನು ಪರೀಕ್ಷಾ ಮಾಡಿರಲಿಲ್ಲ. ಬರೇ ಕಣ್ಣೀಲೆ ನೋಡಿ ಹೇಳಿದೆ. ತಪ್ಪು ಹೇಳಿದೆ. ನೀರು ಕೆಟ್ಟದ."

ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮಗಳಿಗೆ ಶಾಲು ಹೊದಿಸಿ, ಸೀರೆ ಸಿಕ್ಕಿಸಿಕೊಂಡು, "ನಡೀರಿ," ಎಂದಳು. ಮಳೆಯಲ್ಲಿ ರಿಕ್ಷಾ ಸಿಗುವವರೆಗೆ ಮೂವರೂ ಒಂದೇ ತಾಡಪಾಲು ಹಿಡಿದು ರಸ್ತೆಯ ಮೇಲೆ ನಿಂತೆವು.

ಸರಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ರಕ್ತ ನೋಡಿದ ಚಿಕ್ಕ ವಯಸ್ಸಿನ ಡಾಕ್ಟರಿಣಿ ನನ್ನನ್ನು ಹೊರಗೆ ಕರೆದು, ಇದಕ್ಕೆ ಇಂಥದ್ದೇ ಔಷಧ ಅಂತ ಇಲ್ಲ, ಕಾಯಬೇಕು, ಅವಳಿಗೆ ಮಂಪರು ಬಂದರೆ ತಕ್ಷಣ ಕೂಗಿ, ಎಂದಳು. ಅದನ್ನು ಕನ್ನಡದಲ್ಲಿ ಶರಣಮ್ಮನಿಗೆ ಹೇಳುವ ಕೆಲಸ ನನ್ನದಾಯಿತು. ಅವಳು ಕೇಳಿಸಿಕೊಂಡು ಮಗಳ ಹೊದಿಕೆ ಸರಿಮಾಡಿದಳು. ಆಮೇಲೆ ಹೇಳಿದಳು, "ಇಲ್ಲಿ ನಾ ಕುಂದರ್ತೀನಿ. ನೀವು ಶೆಡ್ಡಿಗಿ ಹೋಗ್ರಿ. ಅಲ್ಲಿ ಇನ್ನಾ ಇಬ್ಬರು ಬಸರಿ ಹೆಣ್ಮಕ್ಕಳದಾರ. ಶರಣಮ್ಮನ ಮಾತು ತಪ್ಪಾಗ್ಯಾದ, ಆ ನೀರ ಕುಡೀಬ್ಯಾಡ್ರಿ ಅಂತ ನಾನೇ ಹೇಳೀನಿ ಅಂತ ಹೇಳ್ರಿ."

ನನ್ನ ತಪ್ಪನ್ನು ಅವಳು ತನ್ನ ಮಾತಿನ ಮೇಲೆ ಹೊತ್ತುಕೊಂಡಿದ್ದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಅತ್ತೆ. ಆಮೇಲೆ ಹೋದೆ.

ಶೆಡ್ಡಿನಲ್ಲಿ ನನ್ನನ್ನು ಎದುರುಗೊಂಡವನು ಮುಕಾದಮ ದೇವಪ್ಪ, ಆ ಜನರನ್ನೆಲ್ಲ ಊರಿನಿಂದ ಕರೆತಂದ ಮೇಸ್ತ್ರಿ. ಅವನು ಕೆಟ್ಟವನಲ್ಲ, ಹೆದರಿದ್ದ. ಬೋರು ಮುಚ್ಚಿದರೆ ಕೆಲಸ ನಿಲ್ಲುತ್ತದೆ, ಜನ ಊರಿಗೆ ಓಡುತ್ತಾರೆ ಎಂಬ ಚಿಂತೆ ಅವನದು. ಎಲ್ಲರ ಮುಂದೆ ಕೇಳಿದ, "ಹ್ವಾದ ತಿಂಗಳ ಚೊಲೋ ಅಂದ್ರಿ, ಈ ತಿಂಗಳ ಕೆಟ್ಟದ ಅಂತೀರಿ. ನಾಳಿಗಿ ಏನಂತೀರಿ ಬಾಯಾರ?"

ನ್ಯಾಯವಾದ ಪ್ರಶ್ನೆ. "ನನ್ನ ಮಾತ ನಂಬಬ್ಯಾಡ್ರಿ," ಎಂದೆ. "ನೀವೇ ನೋಡ್ರಿ."

ಚೀಲದಿಂದ ಎರಡು ಖಾಲಿ ಪರೀಕ್ಷೆ ಬಾಟಲಿ ತೆಗೆದೆ. ಒಂದಕ್ಕೆ ಅವರೇ ಬೋರಿನ ನೀರು ತುಂಬಿದರು. ಅದೇ ನೀರನ್ನು ಒಲೆಯ ಮೇಲೆ ಕುದಿಯುವವರೆಗೆ ಕಾಯಿಸಿ ಆರಿಸಿ ಇನ್ನೊಂದಕ್ಕೆ ತುಂಬಿದರು. ಕುದಿಸಿದ್ದಕ್ಕೆ ಗುರುತಾಗಿ ಒಬ್ಬ ಹೆಂಗಸು ತನ್ನ ಹಸಿರು ಬಳೆಯನ್ನು ಬಾಟಲಿಯ ಕತ್ತಿಗೆ ಹಾಕಿದಳು. ಎರಡನ್ನೂ ಭಾಗಮ್ಮನ ಶೆಡ್ಡಿನ ಒಲೆಯ ಪಕ್ಕ ಬೆಚ್ಚಗೆ ಇಟ್ಟೆವು. ಅಲ್ಲಿಯವರೆಗೆ ಕಾಯಿಸಿದ ನೀರನ್ನೇ ಕುಡಿಯಿರಿ ಎಂದು ಕೈಮುಗಿದು ಬೇಡಿಕೊಂಡೆ.

ಮರುದಿನ ಮಧ್ಯಾಹ್ನ ಹೋದರೆ ಬಾಗಿಲಲ್ಲಿ ಗುಂಪು. ಬೋರಿನ ಬಾಟಲಿ ಕಪ್ಪಾಗಿತ್ತು. ಬಳೆ ಹಾಕಿದ್ದು ಹಾಗೇ ತಿಳಿಯಾಗಿತ್ತು. ದೇವಪ್ಪ ಕಪ್ಪು ಬಾಟಲಿಯ ಮುಚ್ಚಳ ತಿರುಗಿಸಿ ಮೂಸಿದ. ಕೊಳೆತ ಮೊಟ್ಟೆಯ ನಾತಕ್ಕೆ ಮುಖ ತಿರುವಿದ. ಅವನು ಯಾರ ಜೊತೆಗೂ ಮಾತಾಡದೆ ಶೆಡ್ಡುಗಳ ಹಿಂದೆ ಹೋಗಿ, ಗುಂಡಿಯನ್ನೂ ಬೋರನ್ನೂ ಒಂದರ ನಂತರ ಒಂದು ನೋಡುತ್ತ ನಿಂತ. ಆಮೇಲೆ ಬಂದು ತಾನೇ ಬೋರಿನ ಹಿಡಿಕೆ ಬಿಚ್ಚಿ ಎತ್ತಿಟ್ಟ. ಅಂದೇ ಸಂಜೆ ಟ್ಯಾಂಕರು ತರಿಸಿದ. ಎರಡು ದಿನ ಬಿಟ್ಟು ಆರೋಗ್ಯ ಇಲಾಖೆಯವರು ಬಂದರು, ಟಾಕಿ ತೊಳೆಸಿದರು, ಬ್ಲೀಚಿಂಗ್ ಪೌಡರು ಹಾಕಿಸಿದರು, ಗುಂಡಿ ಮುಚ್ಚಿಸಿದರು, ಜ್ವರ ಇದ್ದವರ ರಕ್ತ ತೆಗೆದುಕೊಂಡರು. ಇನ್ನೂ ಕೆಲವರಿಗೆ ಕಾಮಾಲೆ ಇತ್ತು, ಎಲ್ಲರೂ ನಿಧಾನವಾಗಿ ಎದ್ದರು. ಉಳಿದ ಇಬ್ಬರು ಬಸುರಿಯರಿಗೆ ಏನೂ ಆಗಲಿಲ್ಲ. ಬೋರಿನ ನೀರಿನಲ್ಲಿ ವೈರಸ್ಸು ಇದೆಯೆಂದು ನಮ್ಮ ಯಂತ್ರವೂ ಹೇಳಿತು. ಆ ಹೊತ್ತಿಗೆ ಶೆಡ್ಡಿನಲ್ಲಿ ಯಾರಿಗೂ ಅದು ಹೊಸ ಸುದ್ದಿಯಾಗಿರಲಿಲ್ಲ.

ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ಭಾಗಮ್ಮನಿಗೆ ಮಂಪರು ಹಿಡಿಯಿತು. ಕೇಳಿದ್ದಕ್ಕೆ ಉತ್ತರವಿಲ್ಲ, ಕಣ್ಣು ತೆರೆದರೆ ಯಾರನ್ನೋ ನೋಡಿದ ಹಾಗೆ. ಡಾಕ್ಟರು ಓಡಾಡಿದರು, ಸಲೈನು ಏರಿತು. ಅಳಿಯ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಶರಣಮ್ಮ ಮಾತ್ರ ಮಗಳ ಅಂಗಾಲು ಉಜ್ಜುತ್ತ ಮಾತಾಡುತ್ತಲೇ ಇದ್ದಳು. ಊರಿನ ಹೊಲದ ಮಾತು, ಸತ್ತುಹೋದ ಆಕಳ ಮಾತು, ಭಾಗಮ್ಮ ಚಿಕ್ಕವಳಿದ್ದಾಗ ಜೋಳದ ಕಣಜದಲ್ಲಿ ಅಡಗಿ ಕೂತಿದ್ದ ಮಾತು. "ಭಾಗೂ, ಕೇಳ್ಲಾಕತ್ತೀ ಇಲ್ಲೋ? ಹೂಂ ಅನ್ನು." ಎರಡು ದಿನ ಹೀಗೇ. ನಾನು ಪ್ರಯೋಗಾಲಯ ಮುಗಿಸಿ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ, ಅವಳ ಗಂಟಲು ಆರಿದಾಗ ನಾನು ಮಾತಾಡುತ್ತಿದ್ದೆ. ಧಾರವಾಡದ ಕಥೆಗಳನ್ನು ಹೇಳಿದೆ. ಮೂರನೆಯ ದಿನ ಬೆಳಿಗ್ಗೆ ನಾನು ಬಾಗಿಲಲ್ಲಿ ಕಾಲಿಡುವಾಗ ಹುಡುಗಿಯ ದನಿ ಕೇಳಿಸಿತು. "ಯವ್ವಾ, ಸಾಕ ಮಾಡು. ತಲಿ ನೋಯ್ಲಾಕತ್ತದ."

ಶರಣಮ್ಮ ನಗಲೂ ಇಲ್ಲ, ಅಳಲೂ ಇಲ್ಲ. ಕೂತಲ್ಲೇ ಗೋಡೆಗೊರಗಿ ನಿದ್ದೆ ಹೋದಳು.

ಮಗು ಅವಧಿಗೆ ಮೊದಲೇ ಹುಟ್ಟಿತು. ಹೆಣ್ಣು. ಎರಡು ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಅದನ್ನು ಎದೆಗೆ ಅಪ್ಪಿಕೊಂಡೇ ಬೆಚ್ಚಗಿಡಬೇಕೆಂದು ನರ್ಸು ಕಲಿಸಿದಳು. ಭಾಗಮ್ಮನಿಗೆ ಕೂರಲೂ ಶಕ್ತಿಯಿರಲಿಲ್ಲ, ಅಜ್ಜಿಯೇ ಕುಪ್ಪಸದೊಳಗೆ ಕೂಸನ್ನು ಕಟ್ಟಿಕೊಂಡು ದಿನಗಟ್ಟಲೆ ಒರಗಿ ಕೂತಳು. ಇಟ್ಟಿಗೆ ಹೊತ್ತು ಒರಟಾದ ಕೈ ಆ ಪುಟ್ಟ ಬೆನ್ನಿನ ಮೇಲೆ ಅಲುಗದೆ ಇರುತ್ತಿತ್ತು.

ಅಲ್ಲೇ ಒಂದು ಮಧ್ಯಾಹ್ನ ನಾನು ಅವಳಿಗೆ ನನ್ನ ಲೆಕ್ಕಾಚಾರ ಹೇಳಿಕೊಂಡೆ. ಈ ರೋಗ ಹೊಟ್ಟೆ ಸೇರಿ ಹೊರಗೆ ಕಾಣಲು ಎರಡು ವಾರವೂ ಆಗಬಹುದು, ಎಂಟು ವಾರವೂ ಆಗಬಹುದು. ನಾನು ಚೊಲೋ ಎಂದದ್ದಕ್ಕೂ ಕಣ್ಣು ಹಳದಿಯಾದದ್ದಕ್ಕೂ ನಡುವೆ ಸುಮಾರು ನಾಲ್ಕು ವಾರ. ನನ್ನ ಮಾತಿಗಿಂತ ಮೊದಲೇ ಬಂದಿತ್ತೋ, ಮಾತು ಕೇಳಿ ಕುಡಿದ ನೀರಿನಿಂದ ಬಂತೋ, ಯಾವ ಯಂತ್ರವೂ ಹೇಳಲಾರದು. ಇಂದಿಗೂ ನನಗೆ ಗೊತ್ತಿಲ್ಲ.

ಶರಣಮ್ಮ ಕೂಸಿನ ತಲೆ ಸರಿಮಾಡುತ್ತ ಕೇಳಿಸಿಕೊಂಡಳು. "ನಂಗೂ ಸಿಟ್ಟ ಬಂದಿತ್ರಿ," ಎಂದಳು. "ರಿಕ್ಷಾದಾಗ ಕುಂತಾಗ ನಿಮ್ಮ ಮಾರಿ ನೋಡಬಾರ್ದು ಅನ್ಸಿತ್ತು. ಆದ್ರ ನೀವು ಬಾಯಿಲೆ ತಪ್ಪ ಅಂದ್ರಿ. ನಮಗ ಯಾರೂ ಬಂದು ತಪ್ಪಾಯ್ತು ಅಂತ ಅಂದಿಲ್ರಿ ಇಲ್ಲೀತನ. ಅದಕ್ಕ ಮಗಳನ್ನ ಕರ್ಕೊಂಡು ನಿಮ್ಮ ಹಿಂದ ಬಂದೆ." ಆಮೇಲೆ, "ಒಂಚೂರ ಹಿಡ್ಕೋರಿ, ಬೆನ್ನ ಹಿಡದದ," ಎಂದು ಕೂಸನ್ನು ನನ್ನ ಎದೆಗೆ ಒಪ್ಪಿಸಿದಳು.

ದೀಪಾವಳಿ ಮುಗಿದ ಮೇಲೆ ಅಲ್ಲಿಯ ಅಡಿಪಾಯದ ಕೆಲಸ ತೀರಿತು. ದೇವಪ್ಪ ತನ್ನ ಜನರನ್ನು ಇಂದಾಪುರದ ಕಡೆ ಬೇರೆ ಕಾಮಗಾರಿಗೆ ಕರೆದೊಯ್ದ. ನಾಲಾ ಮಾತ್ರ ನನಗೆ ಉಳಿಯಿತು. ಬುಧವಾರ ಬುಧವಾರ ಹೋಗುತ್ತಿದ್ದೆ, ನೀರು ತುಂಬುತ್ತಿದ್ದೆ, ಚಹಾ ಇಲ್ಲದೆ ಬರುತ್ತಿದ್ದೆ.

ಮುಂದಿನ ಮಳೆಗಾಲ ಕಳೆಯುತ್ತಿದ್ದಾಗ ಒಂದು ಮಧ್ಯಾಹ್ನ ಫೋನು ಬಂತು. ಗಾಳಿಯ ಸದ್ದು, ಅದರ ನಡುವೆ ಶರಣಮ್ಮನ ದನಿ. ಭಾಗಮ್ಮ ಆರಾಮ ಇದ್ದಾಳೆ, ಕೆಲಸಕ್ಕೂ ಹೋಗುತ್ತಿದ್ದಾಳೆ, ಎಂದಳು. ಆಮೇಲೆ ನಿಜವಾದ ಸುದ್ದಿಗೆ ಬಂದಳು. ಅವರನ್ನು ಅಲ್ಲೇ ಇನ್ನೊಂದು ಜಾಗಕ್ಕೆ ಕಳಿಸಿದ್ದಾರೆ, ಹೊಸ ಶೆಡ್ಡು ಹಾಕುತ್ತಿದ್ದಾರೆ, ಪೈಖಾನೆಯ ಗುಂಡಿಯನ್ನು ಬೋರಿನ ಮಗ್ಗುಲಲ್ಲೇ ತೋಡಲು ಗುದ್ದಲಿ ಹಿಡಿದಿದ್ದರು.

"ನಾವ ಹೆಣ್ಮಕ್ಕಳೆಲ್ಲಾ ಗುದ್ದಲಿ ಮುಂದ ಕುಂತಬಿಟ್ವಿರಿ. ಇಲ್ಲಿ ತೋಡಿದ್ರ ನಾಳಿಂದ ಒಂದ ಬುಟ್ಟಿನೂ ಎತ್ತಂಗಿಲ್ಲ ಅಂದ್ವಿ. ದೇವಪ್ಪನೂ ನಮ್ಮ ಕಡೀನ ನಿಂತ. ಇಲ್ಲಿ ಕೆಲಸ ಮಾಡಸೋ ಸಾಹೇಬ ಕೇಳಿದ, ಮತ್ತ ಎಲ್ಲಿ ತೋಡ್ಬೇಕು, ನೀ ಏನ ಇಂಜಿನಿಯರ ಏನು ಅಂತ. ಬಾ ತೋರಿಸ್ತೀನಿ ಅಂದೆ. ಬೋರಿನಿಂದ ಹೆಜ್ಜಿ ಹಾಕ್ಕೋತ ಹೊಂಟೆ, ಇಳಜಾರ ಇರೋ ಕಡಿಗಿ, ದೂರ, ಆ ಜಾಲಿ ಗಿಡದತನ. ಅಲ್ಲೇ ತೋಡಸೀನ್ರಿ."

"ಭಾಳ ಚೊಲೋ ಮಾಡೀರಿ," ಎಂದೆ.

"ಇನ್ನೊಂದ ಕೇಳ್ರಿ," ಎಂದಳು ಶರಣಮ್ಮ. ನಗುತ್ತಿದ್ದಳು. "ನಾ ಹೆಜ್ಜಿ ಹಾಕ್ಲಾಕತ್ತಿದ್ದೆ, ಮಂದಿಯೆಲ್ಲ ನನ್ನ ಬಿಟ್ಟು ಹಿಂದ ನೋಡ್ಲಾಕತ್ತಿತು. ತಿರುಗಿ ನೋಡ್ತೀನಿ, ನಮ್ಮ ಕೂಸು. ಇಲ್ಲೀತನ ನಿಂತಿದ್ದಿಲ್ರಿ ಅದು. ನನ್ನ ಸೆರಗ ಹಿಡ್ಕೊಂಡು ನಾಕ ಹೆಜ್ಜಿ ನಡದ ಬಂದಿತ್ತು."